ಆರು ವಾರದ ಬೇಸಿಗೆ, ಆರು ವರ್ಷದ ಗಣಿತ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ಪ್ರವೇಶ ಪರಿಶೀಲನಾ ಸಮಿತಿ 2025ರ ನವೆಂಬರ್‌ನಲ್ಲಿ ಒಂದು ವರದಿ ಹೊರತಂದಿತು. ಶಾಲೆಯಲ್ಲೇ ಕಲಿತಿರಬೇಕಾದದ್ದನ್ನು ಮತ್ತೆ ಕಲಿಸುವ ಅಲ್ಲಿನ ಅತಿ ಕೆಳಹಂತದ ಗಣಿತ ಪರಿಹಾರ ತರಗತಿಗೆ 2020ರಲ್ಲಿ ಸೇರಿದ್ದವರು 32 ಜನ. 2025ರಲ್ಲಿ ಪರಿಹಾರ ಗಣಿತ ಬೇಕಾದ ಹೊಸ ವಿದ್ಯಾರ್ಥಿಗಳ ಸಂಖ್ಯೆ 900 ದಾಟಿತು, ಅಂದರೆ ಹೆಚ್ಚುಕಡಿಮೆ ಎಂಟರಲ್ಲಿ ಒಬ್ಬರು. 7 + 2 ಎಂಬುದು ಯಾವ ಸಂಖ್ಯೆಗೆ 6 ಕೂಡಿಸಿದರೆ ಸಮ ಎಂಬ ಪ್ರಶ್ನೆಗೆ ಆ ತರಗತಿಯ ಕಾಲು ಭಾಗದಷ್ಟು ಜನ ತಪ್ಪು ಉತ್ತರ ಬರೆದರು. ಅದೇ ತರಗತಿಯ ಕಾಲು ಭಾಗಕ್ಕೂ ಹೆಚ್ಚು ಜನರಿಗೆ ಪ್ರೌಢಶಾಲೆಯ ಗಣಿತದಲ್ಲಿ ಸರಾಸರಿ 4.0, ಅಂದರೆ ಪೂರ್ಣಾಂಕ ಸಿಕ್ಕಿತ್ತು.

ಇದೇ ಹೊತ್ತಿಗೆ ಇನ್ನೆರಡು ಸಂಗತಿಗಳು ಓದುಗರನ್ನು ಗೊಂದಲಕ್ಕೆ ಕೆಡವಿವೆ. ಕ್ಯಾಲಿಫೋರ್ನಿಯಾದಲ್ಲೇ 2022ರಲ್ಲಿ ಸಹಿಯಾದ ಎಬಿ 1705 ಎಂಬ ಕಾಯ್ದೆ, ವಿಜ್ಞಾನ ಮತ್ತು ಎಂಜಿನಿಯರಿಂಗ್ ಹಾದಿಯ ಸಮುದಾಯ ಕಾಲೇಜು (ಎರಡು ವರ್ಷದ ಸರ್ಕಾರಿ ಕಾಲೇಜು) ವಿದ್ಯಾರ್ಥಿಗಳನ್ನು ಪರಿಹಾರ ತರಗತಿಗಳಲ್ಲಿ ಸುತ್ತಾಡಿಸದೆ ಆದಷ್ಟು ನೇರವಾಗಿ ಕ್ಯಾಲ್ಕುಲಸ್‌ಗೆ (ಕಲನಶಾಸ್ತ್ರಕ್ಕೆ) ಕಳಿಸಿ ಎನ್ನುತ್ತದೆ. ಇತ್ತ ಅಮೆರಿಕದ ಹತ್ತಾರು ವಿಶ್ವವಿದ್ಯಾಲಯಗಳು, ಪ್ರವೇಶ ಸಿಕ್ಕ ಮೇಲೆ ತರಗತಿ ಶುರುವಾಗುವ ಮೊದಲಿನ ಬೇಸಿಗೆಯಲ್ಲಿ ನಾಲ್ಕರಿಂದ ಏಳು ವಾರದ ಪೂರ್ವಸಿದ್ಧತಾ ಕಾರ್ಯಕ್ರಮ ನಡೆಸುತ್ತವೆ. ಇದಕ್ಕೆ ಬೇಸಿಗೆ ಬ್ರಿಜ್ ಎಂದು ಹೆಸರು. ಕೂಡುವ ಲೆಕ್ಕದಲ್ಲೇ ಎಡವುವವರಿಗೆ ಆರು ವಾರ ಏನು ಮಾಡೀತು? ಆರು ವಾರದಲ್ಲಿ ಸರಿಹೋಗುವಂಥದ್ದಾದರೆ ಪರಿಹಾರ ತರಗತಿಯ ಮೇಲೆ ಕಾಯ್ದೆಗೇಕೆ ಕೋಪ? ಎರಡೂ ಸಹಜವಾದ ಪ್ರಶ್ನೆಗಳು. ಉತ್ತರ ಹುಡುಕಬೇಕಾದರೆ ಮೊದಲು ಎಂಜಿನಿಯರಿಂಗ್ ಪದವಿಯ ಒಳರಚನೆಯನ್ನು ನೋಡಬೇಕು.

ಒಂದು ಮೆಟ್ಟಿಲು ತಪ್ಪಿದರೆ ಒಂದು ವರ್ಷ

ಇತಿಹಾಸವನ್ನೋ ಸಾಹಿತ್ಯವನ್ನೋ ಓದುವವರು ಒಂದು ಪತ್ರಿಕೆಯನ್ನು ಮುಂದಿನ ವರ್ಷಕ್ಕೆ ತಳ್ಳಿದರೆ ಉಳಿದದ್ದೇನೂ ಅಲುಗಾಡುವುದಿಲ್ಲ. ಎಂಜಿನಿಯರಿಂಗ್ ಹಾಗಲ್ಲ, ಅದು ಸರಪಳಿ. ಮೊದಲ ಕ್ಯಾಲ್ಕುಲಸ್ ಮುಗಿಯದೆ ಎರಡನೆಯದಿಲ್ಲ. ಕ್ಯಾಲ್ಕುಲಸ್ ಆಧಾರಿತ ಭೌತಶಾಸ್ತ್ರಕ್ಕೂ ಮೊದಲ ಕ್ಯಾಲ್ಕುಲಸ್ ಬೇಕು. ಆ ಭೌತಶಾಸ್ತ್ರವಿಲ್ಲದೆ ಸ್ಟ್ಯಾಟಿಕ್ಸ್ (ನಿಶ್ಚಲ ವಸ್ತುಗಳ ಮೇಲಿನ ಬಲಗಳ ಪಾಠ) ಇಲ್ಲ, ಸ್ಟ್ಯಾಟಿಕ್ಸ್ ಇಲ್ಲದೆ ಡೈನಾಮಿಕ್ಸ್ (ಚಲಿಸುವ ವಸ್ತುಗಳ ಪಾಠ) ಮತ್ತು ಪದಾರ್ಥಗಳ ಬಲವಿಜ್ಞಾನ ಇಲ್ಲ. ವಿದ್ಯುತ್ ಮಂಡಲಗಳಿಗೆ ಎರಡನೇ ಭೌತಶಾಸ್ತ್ರದ ಜೊತೆಗೆ ಡಿಫರೆನ್ಷಿಯಲ್ ಸಮೀಕರಣಗಳೂ ಬೇಕು.

ಎಂಟು ಸೆಮಿಸ್ಟರಿನ ಯೋಜನಾಪಟ್ಟಿಗಳೆಲ್ಲ ವಿದ್ಯಾರ್ಥಿ ಮೊದಲ ದಿನವೇ ಕ್ಯಾಲ್ಕುಲಸ್‌ಗೆ ಸಿದ್ಧ ಎಂದು ನಂಬಿಕೊಂಡು ತಯಾರಾದವು. ಕ್ಯಾಲ್ಕುಲಸ್‌ಗೆ ಮೊದಲಿನ ಹಂತವಾದ ಪ್ರಿಕ್ಯಾಲ್ಕುಲಸ್‌ನಿಂದ ಶುರುಮಾಡುವವರು ಕಾಗದದ ಮೇಲೆ ಒಂದೇ ಸೆಮಿಸ್ಟರ್ ಹಿಂದೆ. ಆದರೆ ಮೇಲಿನ ಹಂತದ ಹಲವು ವಿಷಯಗಳನ್ನು ವರ್ಷಕ್ಕೊಮ್ಮೆ ಮಾತ್ರ ಕಲಿಸುವುದರಿಂದ, ಬಸ್ಸು ತಪ್ಪಿದವರು ಮುಂದಿನ ವರ್ಷದ ಬಸ್ಸಿಗೇ ಕಾಯಬೇಕು. ಹೀಗೆ ಅರ್ಧ ವರ್ಷದ ಹಿನ್ನಡೆ ಪೂರ್ತಿ ವರ್ಷದ್ದಾಗುತ್ತದೆ. ಒಂದು ವರ್ಷದ ಶುಲ್ಕ, ವಸತಿ, ಬಾರದ ಸಂಬಳ ಎಲ್ಲವೂ ಆ ಒಂದು ಮೆಟ್ಟಿಲಿನ ಬೆಲೆಯೊಳಗೆ ಸೇರುತ್ತವೆ.

ಬೇಸಿಗೆ ಕಾರ್ಯಕ್ರಮ ಹುಟ್ಟಿದ್ದು ಈ ಜಾಗದಲ್ಲಿ: ತರಗತಿ ಶುರುವಾಗುವುದರೊಳಗೆ ಆ ಒಂದು ಮೆಟ್ಟಿಲನ್ನು ಹತ್ತಿಸಿಬಿಟ್ಟರೆ ವರ್ಷ ಉಳಿಯುತ್ತದೆ. ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಇಂಟರ್‌ಫೇಸ್ ಕಾರ್ಯಕ್ರಮ 1969ರಷ್ಟು ಹಳೆಯದು. ಹಾಗಾಗಿ ಇದೇನೂ ಕೋವಿಡ್ ನಂತರದ ಹೊಸ ಮದ್ದಲ್ಲ.

ಎಡವುವುದು ಕ್ಯಾಲ್ಕುಲಸ್‌ನಲ್ಲಲ್ಲ

ಮೊದಲ ಕ್ಯಾಲ್ಕುಲಸ್‌ನಲ್ಲಿ ಸೋತವರ ಉತ್ತರಪತ್ರಿಕೆ ತಿದ್ದಿದವರು ಸಾಮಾನ್ಯವಾಗಿ ಹೇಳುವ ಮಾತು: ಕ್ಯಾಲ್ಕುಲಸ್ ಅರ್ಥವಾಗಿದೆ, ಬೀಜಗಣಿತ ಕೈಕೊಟ್ಟಿದೆ. 1/ಎಕ್ಸ್ ಎಂಬ ಫಂಕ್ಷನ್ನಿನ ಡಿರೈವೆಟಿವ್ (ಬದಲಾವಣೆಯ ದರ) ಅನ್ನು ಮೂಲ ವ್ಯಾಖ್ಯೆಯಿಂದ ಕಂಡುಹಿಡಿಯಿರಿ ಎಂಬ ಪ್ರಶ್ನೆ ತೆಗೆದುಕೊಳ್ಳಿ. 1/(ಎಕ್ಸ್ + ಎಚ್) ರಿಂದ 1/ಎಕ್ಸ್ ಕಳೆದು, ಬಂದದ್ದನ್ನು ಎಚ್‌ನಿಂದ ಭಾಗಿಸಿ, ಎಚ್ ಸೊನ್ನೆಯತ್ತ ಸಾಗಿದಾಗ ಏನಾಗುತ್ತದೆಂದು ನೋಡಬೇಕು. ಇದರಲ್ಲಿ ಕ್ಯಾಲ್ಕುಲಸ್ ಇರುವುದು ಕೊನೆಯ ಸಾಲಿನಲ್ಲಿ ಮಾತ್ರ. ಅದಕ್ಕೂ ಮೊದಲು ಎರಡು ಭಿನ್ನರಾಶಿಗಳಿಗೆ ಸಮಾನ ಛೇದ ತರಬೇಕು, ಅಂಶದಲ್ಲಿ ಆವರಣ ಬಿಡಿಸುವಾಗ ಋಣಚಿಹ್ನೆ ಕಾಯ್ದುಕೊಳ್ಳಬೇಕು, ಭಿನ್ನರಾಶಿಯ ಮೇಲಿನ ಭಿನ್ನರಾಶಿಯನ್ನು ಬಿಡಿಸಬೇಕು, ಎಚ್ ಅನ್ನು ಮೇಲೂ ಕೆಳಗೂ ಹೊಡೆದುಹಾಕಬೇಕು. ಈ ನಾಲ್ಕರಲ್ಲಿ ಒಂದು ಜಾರಿದರೂ ಕೊನೆಯ ಸಾಲು ತಲುಪುವುದೇ ಇಲ್ಲ.

ಪದೇ ಪದೇ ಕಾಣುವ ತಪ್ಪುಗಳ ಪಟ್ಟಿ ಉದ್ದವೇನಲ್ಲ. (ಎ + ಬಿ)² ಅನ್ನು ಎ² + ಬಿ² ಎಂದು ಬರೆಯುವುದು, ವರ್ಗಮೂಲದೊಳಗಿನ ಕೂಡುವಿಕೆಯನ್ನು ಹೀಗೆಯೇ ಎರಡಾಗಿ ಒಡೆಯುವುದು, (ಎಕ್ಸ್ + 3)/3 ರಲ್ಲಿ ಮೇಲಿನ 3 ಮತ್ತು ಕೆಳಗಿನ 3 ಹೊಡೆದುಹಾಕುವುದು, ಎಕ್ಸ್ ಜಾಗದಲ್ಲಿ ಎಕ್ಸ್ + ಎಚ್ ಇಡಿ ಎಂದರೆ ಫಂಕ್ಷನ್ನಿನ ಬಾಲಕ್ಕೆ ಎಚ್ ಕೂಡಿಸಿ ಸುಮ್ಮನಾಗುವುದು, ಲಾಗರಿದಮ್ ನಿಯಮಗಳನ್ನು ಅದಲುಬದಲು ಮಾಡುವುದು. ಇವುಗಳಲ್ಲಿ ಹಲವುಗಳ ಹಿಂದಿರುವುದು ಒಂದೇ ರೋಗ: ಎಲ್ಲ ಕ್ರಿಯೆಗಳೂ ಕೂಡುವಿಕೆಯ ಮೇಲೆ ಹಂಚಿಹೋಗುತ್ತವೆ ಎಂಬ ನಂಬಿಕೆ. ಕ್ಯಾಲ್ಕುಲೇಟರ್ ಒತ್ತಿ ಮುಗಿಸಿದ ಪ್ರೌಢಶಾಲೆಯ ಲೆಕ್ಕಗಳಲ್ಲಿ ಈ ನಂಬಿಕೆಗೆ ಪೆಟ್ಟು ಬೀಳುವ ಸಂದರ್ಭವೇ ಬಂದಿರುವುದಿಲ್ಲ.

ಮರೆತವರು ಮತ್ತು ಕಲಿಯದವರು

ಈಗ ಬೇಸಿಗೆ ಕಾರ್ಯಕ್ರಮಗಳು ಹೆಚ್ಚಾಗಿ ಎಡವುವ ಜಾಗಕ್ಕೆ ಬರೋಣ. ಯಾರನ್ನು ಎಲ್ಲಿ ಕೂರಿಸಬೇಕೆಂದು ತೀರ್ಮಾನಿಸಲು ಅಮೆರಿಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವುದು ಅಲೆಕ್ಸ್ ಎಂಬ ಆನ್‌ಲೈನ್ ಪರೀಕ್ಷೆ. ಗರಿಷ್ಠ 30 ಪ್ರಶ್ನೆ, ಕೊಟ್ಟ ಉತ್ತರ ನೋಡಿ ಮುಂದಿನ ಪ್ರಶ್ನೆಯನ್ನು ಆರಿಸುವ ವ್ಯವಸ್ಥೆ, ಕೊನೆಗೆ 0ಯಿಂದ 100ರವರೆಗಿನ ಒಂದು ಅಂಕ. ಕ್ಯಾಲ್ಕುಲಸ್‌ಗೆ ಎಷ್ಟು ಬೇಕು ಎಂಬುದನ್ನು ಆಯಾ ವಿಶ್ವವಿದ್ಯಾಲಯವೇ ಗೊತ್ತುಮಾಡುತ್ತದೆ.

ತೊಂದರೆ ಎರಡು. ಮೇಲ್ವಿಚಾರಣೆಯಿಲ್ಲದೆ ಮನೆಯಲ್ಲಿ ಕೂತು ಬರೆದ ಪರೀಕ್ಷೆಯಲ್ಲಿ ಪಕ್ಕದವರ ಸಹಾಯವೂ ಮೊಬೈಲಿನ ಸಹಾಯವೂ ಸೇರಿಕೊಂಡು, ನಿಜಕ್ಕೂ ನೆರವು ಬೇಕಾದವರು ನೇರ ಕ್ಯಾಲ್ಕುಲಸ್‌ಗೆ ಹೋಗಿ ಕೂರುತ್ತಾರೆ. ಎರಡನೆಯದು ಇನ್ನೂ ಸೂಕ್ಷ್ಮ. 60 ಅಂಕ ಪಡೆದ ಇಬ್ಬರಲ್ಲಿ ಒಬ್ಬರು ಒಂದೂವರೆ ವರ್ಷ ಗಣಿತ ಮುಟ್ಟದೆ ಮರೆತವರಿರಬಹುದು, ಇನ್ನೊಬ್ಬರು ಎಂದೂ ಕಲಿಯದವರಿರಬಹುದು. ಅಂಕ ಒಂದೇ, ಚಿಕಿತ್ಸೆ ಬೇರೆ. ಮರೆತವರ ಕೈ ಎರಡು ವಾರದ ಅಭ್ಯಾಸಕ್ಕೆ ಮತ್ತೆ ಪಳಗುತ್ತದೆ. ಕಲಿಯದವರಿಗೆ ಅದೇ ಎರಡು ವಾರ ಹೊಸ ಗೊಂದಲಗಳನ್ನು ಪರಿಚಯಿಸಿ ಮುಗಿಯುತ್ತದೆ.

ಇವರನ್ನು ಬೇರ್ಪಡಿಸುವುದು ಕಷ್ಟವಲ್ಲ. ಮೊದಲ ದಿನ ಕ್ಯಾಲ್ಕುಲೇಟರ್ ಇಲ್ಲದೆ, ಕಣ್ಣೆದುರೇ, 50 ನಿಮಿಷದ ಬರವಣಿಗೆಯ ಪರೀಕ್ಷೆ ಕೊಡಬೇಕು. ಹತ್ತು ದಿನ ಬಿಟ್ಟು ಅದೇ ಮಟ್ಟದ, ಸಂಖ್ಯೆಗಳು ಬದಲಾದ ಇನ್ನೊಂದು. ಮರೆತವರ ಅಂಕ ಜಿಗಿಯುತ್ತದೆ, ಕಲಿಯದವರದು ತೆವಳುತ್ತದೆ. ಆ ಹೊತ್ತಿಗೆ ಗುಂಪು ಬದಲಿಸಲು ಇನ್ನೂ ನಾಲ್ಕು ವಾರ ಉಳಿದಿರುತ್ತವೆ. ಬಹಳ ಕಡೆ ಎರಡನೇ ಪರೀಕ್ಷೆ ಇಡುವುದು ಕೊನೆಯ ದಿನ, ಅಂದರೆ ಏನೂ ಮಾಡಲಾಗದ ದಿನ.

ಗಂಟೆಗಳ ಲೆಕ್ಕ

ಆರು ವಾರ, ವಾರಕ್ಕೆ ಐದು ದಿನ, ಒಟ್ಟು 30 ದಿನ. ದಿನಕ್ಕೆ ಮೂರು ಗಂಟೆ ಗಣಿತ ತರಗತಿ ಎಂದರೆ 90 ಗಂಟೆ. ಸಂಜೆ ಎರಡು ಗಂಟೆ ಅಭ್ಯಾಸ ಸೇರಿಸಿದರೆ 150. ಈಗ ಸೆಮಿಸ್ಟರಿನ ನಾಲ್ಕು ಕ್ರೆಡಿಟ್ (ವಾರಕ್ಕೆ ನಾಲ್ಕು ಗಂಟೆ ತರಗತಿ) ಗಣಿತವನ್ನು ನೋಡಿ: 15 ವಾರಕ್ಕೆ 60 ಗಂಟೆ ತರಗತಿ, ಪ್ರತಿ ಗಂಟೆಗೆ ಎರಡು ಗಂಟೆ ಸ್ವಂತ ಓದು ಎಂಬ ರೂಢಿಯಂತೆ ಇನ್ನೂ 120, ಒಟ್ಟು 180. ಅಂದರೆ ಬೇಸಿಗೆಯನ್ನು ಗಣಿತಕ್ಕೆ ಎಷ್ಟು ಹಿಂಡಿದರೂ ಸಿಗುವುದು ಒಂದು ವಿಷಯಕ್ಕಿಂತ ತುಸು ಕಡಿಮೆ ಸಮಯ. ಕೋಡಿಂಗ್, ರಸಾಯನಶಾಸ್ತ್ರ, ಎಂಜಿನಿಯರಿಂಗ್ ಪ್ರಾಜೆಕ್ಟ್, ಕ್ಯಾಂಪಸ್ ಪರಿಚಯ ಎಂದು ಹೊರೆ ಹೇರಿದರೆ ಅದೂ ಇಲ್ಲ.

ಆದ್ದರಿಂದ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು: ಬೇಸಿಗೆ ಹತ್ತಿಸಬಲ್ಲದ್ದು ಒಂದು ಮೆಟ್ಟಿಲು. ಪ್ರಿಕ್ಯಾಲ್ಕುಲಸ್‌ನಲ್ಲಿ ನಿಂತವರನ್ನು ಕ್ಯಾಲ್ಕುಲಸ್‌ಗೆ ಅದು ತಲುಪಿಸಬಹುದು. ಅಂಕಗಣಿತ, ಪ್ರಾಥಮಿಕ ಬೀಜಗಣಿತ, ಮುಂದುವರಿದ ಬೀಜಗಣಿತ, ತ್ರಿಕೋನಮಿತಿ ಎಂಬ ನಾಲ್ಕನ್ನೂ ಏರಬೇಕಾದವರನ್ನು ಆಗದು. ಸ್ಯಾನ್ ಡಿಯಾಗೊ ವರದಿಯ ಕೆಳಹಂತದ ವಿದ್ಯಾರ್ಥಿಗಳು ಈ ಎರಡನೇ ಗುಂಪಿನವರು. ಅವರ ಮುಂದೆ ಆರು ವಾರದ ಶಿಬಿರವಿಟ್ಟು ಪರಿಹಾರ ಕೊಟ್ಟೆವೆನ್ನುವುದು ಯುದ್ಧಕಾಲದ ಶಸ್ತ್ರಾಭ್ಯಾಸವೇ. ಆ ವರದಿ ಪಟ್ಟಿಮಾಡಿದ ಕಾರಣಗಳಾದ ಕೋವಿಡ್ ಕಾಲದ ಕಲಿಕಾ ನಷ್ಟ, ಪ್ರವೇಶ ಪರೀಕ್ಷೆಯ ಅಂಕ ಕೈಬಿಟ್ಟಿದ್ದು, ಶಾಲೆಗಳಲ್ಲಿ ಹಿಗ್ಗಿದ ಅಂಕಗಳು, ಸವಲತ್ತು ಕಡಿಮೆಯಿರುವ ಶಾಲೆಗಳಿಂದ ಹೆಚ್ಚಿದ ಪ್ರವೇಶ, ಇವೆಲ್ಲ ವರ್ಷಗಟ್ಟಲೆ ಬೆಳೆದವು.

ಗಣಿತಕ್ಕಿಂತ ಹೆಚ್ಚಿನದು

ಹಾಗಾದರೆ ಬೇಸಿಗೆ ಕಾರ್ಯಕ್ರಮಗಳ ಒಳ್ಳೆಯ ಹೆಸರು ಎಲ್ಲಿಂದ ಬಂತು? 1970ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿದ್ದ ಗಣಿತಜ್ಞ ಯೂರಿ ಟ್ರೈಸ್‌ಮನ್ ಅವರ ಕೆಲಸವನ್ನು ಇಲ್ಲಿ ನೆನೆಯಬೇಕು. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಸೋಲುವುದಕ್ಕೆ ಅಧ್ಯಾಪಕರು ಕೊಡುತ್ತಿದ್ದ ಕಾರಣಗಳು ಉತ್ಸಾಹದ ಕೊರತೆ, ಬಡತನ, ಮನೆಯ ಬೆಂಬಲವಿಲ್ಲದಿರುವುದು, ಹಿಂದಿನ ತಯಾರಿ ಸಾಲದಿರುವುದು. 20 ಕಪ್ಪು ವಿದ್ಯಾರ್ಥಿಗಳು ಮತ್ತು 20 ಚೀನೀ ಮೂಲದ ಅಮೆರಿಕನ್ ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂದು ಟ್ರೈಸ್‌ಮನ್ ಜೊತೆಗಿದ್ದು ನೋಡಿದಾಗ ಆ ಕಾರಣಗಳು ನಿಲ್ಲಲಿಲ್ಲ. ಮೊದಲ ಗುಂಪಿನವರು ವಾರಕ್ಕೆ ಸುಮಾರು 8 ಗಂಟೆ, ಪ್ರಾಮಾಣಿಕವಾಗಿ, ಒಬ್ಬೊಬ್ಬರೇ ಓದುತ್ತಿದ್ದರು. ಎರಡನೆಯವರು ಸುಮಾರು 14 ಗಂಟೆ ಓದುತ್ತಿದ್ದರು, ಅದರಲ್ಲಿ ಒಂದು ಪಾಲು ಒಟ್ಟಿಗೆ ಕೂತು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತ.

ಒಂಟಿಯಾಗಿ ಓದುವವರಿಗೆ ತಮ್ಮ ತಪ್ಪು ತಿಳಿಯುವುದು ಪರೀಕ್ಷೆಯ ಅಂಕ ಬಂದಾಗ. ಗುಂಪಿನಲ್ಲಿ ಓದುವವರಿಗೆ ಅದೇ ಸಂಜೆ. ವ್ಯತ್ಯಾಸದ ದೊಡ್ಡ ಭಾಗ ಇಲ್ಲಿತ್ತು. ಟ್ರೈಸ್‌ಮನ್ ಕಟ್ಟಿದ ಕಾರ್ಯಾಗಾರ ಪರಿಹಾರ ತರಗತಿಯಾಗಿರಲಿಲ್ಲ. ಅದನ್ನು ಆನರ್ಸ್, ಅಂದರೆ ಪ್ರತಿಭಾವಂತರ ಕಾರ್ಯಕ್ರಮವೆಂದು ಕರೆದು, ಮಾಮೂಲಿಗಿಂತ ಕಠಿಣವಾದ ಲೆಕ್ಕಗಳನ್ನು ಗುಂಪಿಗೆ ಕೊಡಲಾಯಿತು. ಸುಲಭ ಲೆಕ್ಕ ಕೊಟ್ಟರೆ ಪ್ರತಿಯೊಬ್ಬರೂ ಒಬ್ಬರೇ ಮಾಡಿ ಮುಗಿಸುತ್ತಾರೆ, ಮಾತಾಡುವ ಅಗತ್ಯವೇ ಹುಟ್ಟುವುದಿಲ್ಲ. ಈ ಕಾರಣಕ್ಕೇ ಕಠಿಣ ಲೆಕ್ಕ, ಇದು ಬಹಳ ಅನುಕರಣೆಗಳಲ್ಲಿ ತಪ್ಪಿಹೋದ ಅಂಶ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನಲ್ಲಿ 1988ರಲ್ಲಿ ರಾಬರ್ಟ್ ಮೇಯರ್‌ಹಾಫ್ ಅವರ ದೇಣಿಗೆಯಿಂದ, ಫ್ರೀಮನ್ ಹ್ರಬೌಸ್ಕಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ಮೇಯರ್‌ಹಾಫ್ ಸ್ಕಾಲರ್ಸ್ ಕಾರ್ಯಕ್ರಮವೂ ಆರು ವಾರದ ಬೇಸಿಗೆಯಿಂದಲೇ ಶುರುವಾಗುತ್ತದೆ. ಬೇಸಿಗೆ ಬ್ರಿಜ್‌ನ ಯಶಸ್ಸಿಗೆ ಎಲ್ಲರೂ ಇದನ್ನೇ ಉದಾಹರಿಸುತ್ತಾರೆ. ಆದರೆ ಅಲ್ಲಿಗೆ ಆಯ್ಕೆಯಾಗುವವರು ಮೊದಲೇ ಗಣಿತದಲ್ಲಿ ಗಟ್ಟಿಗರು, ಮತ್ತು ಬೇಸಿಗೆಯ ನಂತರ ನಾಲ್ಕು ವರ್ಷ ವಿದ್ಯಾರ್ಥಿವೇತನ, ಸಂಶೋಧನೆಯ ಅವಕಾಶ, ಬೆನ್ನುಬಿಡದ ಸಲಹೆಗಾರರು ಇರುತ್ತಾರೆ. ಆ ಯಶಸ್ಸನ್ನು ಆರು ವಾರದ ಖಾತೆಗೆ ಜಮಾ ಮಾಡಿ, ಪರಿಹಾರ ಶಿಬಿರಕ್ಕೆ ಸಮರ್ಥನೆಯಾಗಿ ಬಳಸುವುದು ಸರಿಯಲ್ಲ.

ಪುರಾವೆ ಎಷ್ಟು ಗಟ್ಟಿ

ಶಿಬಿರಕ್ಕೆ ಹೋದವರು ಹೋಗದವರಿಗಿಂತ ಹೆಚ್ಚು ಪಾಸಾದರು ಎಂಬ ಅಂಕಿಅಂಶ ಎಲ್ಲ ಕಾರ್ಯಕ್ರಮಗಳ ಕೈಪಿಡಿಯಲ್ಲೂ ಸಿಗುತ್ತದೆ. ಅದು ಹೇಳುವುದು ಕಡಿಮೆ. ಬೇಸಿಗೆ ರಜೆಯನ್ನು ಗಣಿತಕ್ಕೆ ಒಪ್ಪಿಸಲು ತಾವಾಗಿ ಮುಂದೆ ಬಂದವರು ಹೇಗೂ ಹಟ ಹಿಡಿದು ಓದುವವರು. ಶಿಬಿರ ಇಲ್ಲದಿದ್ದರೂ ಅವರಲ್ಲಿ ಹೆಚ್ಚಿನವರು ಪಾಸಾಗುತ್ತಿದ್ದರೇನೋ.

ಇದನ್ನು ದಾಟಿ ನೋಡಿದ ಅಧ್ಯಯನಗಳು ವಿರಳ. ಅಮೆರಿಕದ ಶಿಕ್ಷಣ ಇಲಾಖೆಯ ವಾಟ್ ವರ್ಕ್ಸ್ ಕ್ಲಿಯರಿಂಗ್‌ಹೌಸ್ 2016ರಲ್ಲಿ ಬೇಸಿಗೆ ಬ್ರಿಜ್ ಕುರಿತ ಸಂಶೋಧನೆಗಳನ್ನು ಜರಡಿ ಹಿಡಿದಾಗ ಅದರ ಮಾನದಂಡ ಮುಟ್ಟಿದ್ದು ಒಂದೇ ಅಧ್ಯಯನ, ಅದೂ ಷರತ್ತುಗಳೊಂದಿಗೆ. ಅದು ಜಾರ್ಜಿಯಾ ಟೆಕ್‌ನ ಐದು ವಾರದ ಚಾಲೆಂಜ್ ಕಾರ್ಯಕ್ರಮದ ಬಗ್ಗೆ. ಪದವಿ ಮುಗಿಸುವ ಸಾಧ್ಯತೆ ಹೆಚ್ಚಿದ ಸೂಚನೆ ಅಲ್ಲಿ ಸಿಕ್ಕಿತು. ಜಾರ್ಜಿಯಾ ಟೆಕ್‌ಗೆ ಪ್ರವೇಶ ಪಡೆದವರು ಎಂದರೆ ಮತ್ತೆ ಒಂದು ಮೆಟ್ಟಿಲ ದೂರದವರೇ.

ಟೆಕ್ಸಾಸ್‌ನಲ್ಲಿ ನಡೆದದ್ದು ಇದಕ್ಕಿಂತ ಕಟ್ಟುನಿಟ್ಟು. 2009ರ ಬೇಸಿಗೆಯಲ್ಲಿ ಎಂಟು ಕಾಲೇಜುಗಳಲ್ಲಿ, ಪರಿಹಾರ ತರಗತಿ ಬೇಕಾದ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಾಲ್ಕೈದು ವಾರದ ಬ್ರಿಜ್ ಕೊಡಲಾಯಿತು. ಮೊದಲ ಕಾಲೇಜು ಮಟ್ಟದ ಗಣಿತ ಮತ್ತು ಬರವಣಿಗೆಯ ವಿಷಯಗಳನ್ನು ಬ್ರಿಜ್ ಗುಂಪಿನವರು ಬೇಗ ಮುಗಿಸಿದರು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಆ ಮುನ್ನಡೆ ಕರಗಿತು. ಗಳಿಸಿದ ಕ್ರೆಡಿಟ್‌ಗಳಲ್ಲೂ ಕಾಲೇಜಿನಲ್ಲಿ ಉಳಿದವರ ಪ್ರಮಾಣದಲ್ಲೂ ವ್ಯತ್ಯಾಸ ಕಾಣಲಿಲ್ಲ. ಬೇಸಿಗೆ ತಳ್ಳುಬಂಡಿಗೆ ಒಂದು ತಳ್ಳು ಕೊಟ್ಟಿತು, ಮುಂದೆ ಎಂಜಿನ್ ಇರಲಿಲ್ಲ.

ಬೇಸಿಗೆ ಬೇಡ ಎನ್ನುವವರ ವಾದ

ಎಬಿ 1705 ಪರ ನಿಂತವರದು ಸರಳ ತರ್ಕ. ಪರಿಹಾರ ತರಗತಿಗಳ ಸಾಲು ಉದ್ದವಾದಷ್ಟೂ ಪ್ರತಿ ತಿರುವಿನಲ್ಲಿ ಒಂದಿಷ್ಟು ಜನ ಉದುರುತ್ತಾರೆ, ಪಾಸಾದವರಲ್ಲೂ ಕೆಲವರು ಮುಂದಿನದಕ್ಕೆ ಹೆಸರೇ ನೋಂದಾಯಿಸುವುದಿಲ್ಲ. ಹಾಗಾಗಿ ಮುಖ್ಯ ವಿಷಯದಲ್ಲೇ ಕೂರಿಸಿ, ಅದೇ ಸೆಮಿಸ್ಟರಿನಲ್ಲಿ ಪಕ್ಕಕ್ಕೊಂದು ಬೆಂಬಲ ತರಗತಿ ಕೊಡಿ ಎನ್ನುತ್ತಾರೆ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಚೀಟಿ ಎತ್ತಿ ಮಾಡಿದ ಪ್ರಯೋಗದಲ್ಲಿ, ಬೆಂಬಲದೊಂದಿಗೆ ನೇರ ಸಂಖ್ಯಾಶಾಸ್ತ್ರಕ್ಕೆ ಹೋದವರು ಪರಿಹಾರ ಬೀಜಗಣಿತಕ್ಕೆ ಹೋದವರಿಗಿಂತ ಹೆಚ್ಚು ಪಾಸಾದದ್ದೂ ನಿಜ.

ಆದರೆ ಅದು ಸಂಖ್ಯಾಶಾಸ್ತ್ರ. ಆ ವಿಷಯದ ಮೊದಲ ಪಾಠಕ್ಕೆ ಭಿನ್ನರಾಶಿಯ ಮೇಲಿನ ಭಿನ್ನರಾಶಿ ಬೇಕಿಲ್ಲ. ಕ್ಯಾಲ್ಕುಲಸ್‌ನ ಎರಡನೇ ವಾರಕ್ಕೇ ಬೇಕು. ಬೆಂಬಲ ತರಗತಿಯಲ್ಲಿ ಬೀಜಗಣಿತ ಕಲಿತು ಮುಗಿಸುವಷ್ಟರಲ್ಲಿ ಪಕ್ಕದ ಕೋಣೆಯ ಕ್ಯಾಲ್ಕುಲಸ್ ಎರಡು ಪರೀಕ್ಷೆ ದಾಟಿರುತ್ತದೆ. ಗಣಿತ ಅಧ್ಯಾಪಕರ ಆಕ್ಷೇಪ ಇದು, ಎಂಜಿನಿಯರಿಂಗ್ ಹಾದಿಯ ಮಟ್ಟಿಗೆ ತೂಕವಿರುವ ಆಕ್ಷೇಪ.

ಎರಡೂ ಬಣಗಳ ಗದ್ದಲದಲ್ಲಿ ಕಳೆದುಹೋಗುವ ಬೇರೆ ದಾರಿಗಳಿವೆ. ಓಹಾಯೊದ ರೈಟ್ ಸ್ಟೇಟ್ ವಿಶ್ವವಿದ್ಯಾಲಯ 2004ರಿಂದ ಸರಪಳಿಯ ಕೊಂಡಿಯನ್ನೇ ಬದಲಿಸಿತು: ಎಂಜಿನಿಯರಿಂಗ್ ಅಧ್ಯಾಪಕರೇ ಕಲಿಸುವ ಒಂದು ಗಣಿತ ವಿಷಯ, ರೋಬೊಟ್ ತೋಳಿನ ಕೋನ, ಸ್ಪ್ರಿಂಗ್, ವಿದ್ಯುತ್ ಮಂಡಲಗಳ ಮೂಲಕ. ಅದನ್ನು ಮುಗಿಸಿದವರು ಕ್ಯಾಲ್ಕುಲಸ್ ಸರಣಿ ಮುಗಿಯುವವರೆಗೆ ಕಾಯದೆ ಆರಂಭಿಕ ಎಂಜಿನಿಯರಿಂಗ್ ವಿಷಯಗಳಿಗೆ ಹೋಗಬಹುದು. ಕೊಲರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಕ್ಯಾಂಪಸ್ 2009ರಲ್ಲಿ ಶುರುಮಾಡಿದ ಗೋಲ್ಡ್‌ಶರ್ಟ್ ಕಾರ್ಯಕ್ರಮ ಇನ್ನೂ ನೇರ: ಪದವಿಗೆ ಐದು ವರ್ಷ ಬೇಕಾದೀತು ಎಂದು ಮೊದಲೇ ಒಪ್ಪಿಕೊಂಡು ಮೊದಲ ವರ್ಷವನ್ನು ತಯಾರಿಗೆ ಕೊಡುತ್ತದೆ. ನಾಲ್ಕು ಮೆಟ್ಟಿಲ ದೂರದವರಿಗೆ ಇಂಥದ್ದೇ ಪ್ರಾಮಾಣಿಕ ಉತ್ತರ. ದುಬಾರಿ, ಒಪ್ಪಿಕೊಳ್ಳೋಣ.

ದುಡ್ಡು, ಕ್ರೆಡಿಟ್ ಮತ್ತು ಕೋರ್ಟು

ಬೇಸಿಗೆ ಶಿಬಿರ ಉಚಿತವೆಂದರೂ ಉಚಿತವಲ್ಲ. ಬಡ ವಿದ್ಯಾರ್ಥಿಗಳಿಗೆ ಅದು ಆರು ವಾರದ ಕೂಲಿ ಬಿಡುವ ಪ್ರಶ್ನೆ. ಟೆಕ್ಸಾಸ್ ಪ್ರಯೋಗದಲ್ಲಿ 400 ಡಾಲರ್‌ವರೆಗೆ ಭತ್ಯೆ ಇಟ್ಟಿದ್ದು ಸುಮ್ಮನೆ ಅಲ್ಲ. ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಅನುದಾನ 2017ರಿಂದ ಮತ್ತೆ ಬೇಸಿಗೆಗೂ ಸಿಗುತ್ತಿದ್ದು, ವರ್ಷದ ಅನುದಾನದ 150 ಶೇಕಡಾದವರೆಗೆ ಪಡೆಯಬಹುದು. ಆ ಹೆಚ್ಚುವರಿ ಪಾಲಿಗೆ ಕನಿಷ್ಠ ಅರ್ಧಕಾಲಿಕ ದಾಖಲಾತಿ ಬೇಕು, ಸಾಮಾನ್ಯವಾಗಿ ಆರು ಕ್ರೆಡಿಟ್. ಕ್ರೆಡಿಟ್ ಇಲ್ಲದ ಶಿಬಿರಕ್ಕೆ ಅನುದಾನವಿಲ್ಲ. ಕ್ರೆಡಿಟ್ ಕೊಟ್ಟರೆ ಆ ಬೇಸಿಗೆ, ಜೀವಮಾನಕ್ಕೆ 12 ಸೆಮಿಸ್ಟರ್ ಎಂಬ ಪೆಲ್ ಮಿತಿಯಲ್ಲಿ ಒಂದು ಪಾಲು ತಿನ್ನುತ್ತದೆ, ಅಲ್ಲಿ ಫೇಲಾದರೆ ಪದವಿಯ ಸರಾಸರಿ ಅಂಕ ಮೊದಲ ಸೆಮಿಸ್ಟರಿಗೂ ಮೊದಲೇ ಕುಸಿಯುತ್ತದೆ. ಒಂದು ಮೆಟ್ಟಿಲ ದೂರದವರಿಗೆ ಕ್ರೆಡಿಟ್ ಲಾಭ, ಉಳಿದವರಿಗೆ ಅಪಾಯ.

ಯಾರಿಗೆ ಸೀಟು ಎಂಬುದೂ ಬದಲಾಗಿದೆ. ಜನಾಂಗ ಆಧರಿಸಿದ ಪ್ರವೇಶವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ತಳ್ಳಿಹಾಕಿದ ಮೇಲೆ, ಇಂಥ ಕಾರ್ಯಕ್ರಮಗಳೂ ಆಯ್ಕೆಯ ನಿಯಮಗಳನ್ನು ಮರುಪರಿಶೀಲಿಸಬೇಕಾಗಿ ಬಂತು. ಮೇಯರ್‌ಹಾಫ್ 1996ರಲ್ಲೇ ಎಲ್ಲ ಜನಾಂಗದವರಿಗೆ ತೆರೆದುಕೊಂಡಿತ್ತು. ಈಗ ಮುಂದೆ ಬರುತ್ತಿರುವ ಮಾನದಂಡಗಳು ಮನೆಯಲ್ಲಿ ಮೊದಲ ಬಾರಿ ಕಾಲೇಜು ಕಂಡವರು, ಕಡಿಮೆ ಆದಾಯದವರು, ಕ್ಯಾಲ್ಕುಲಸ್ ಕಲಿಸದ ಪ್ರೌಢಶಾಲೆಯಿಂದ ಬಂದವರು ಎಂಬಂಥವು. ಕೊನೆಯದು ತುಂಬ ಉಪಯುಕ್ತ. ಕ್ಯಾಲ್ಕುಲಸ್ ಇಲ್ಲದ ಶಾಲೆಯ ಅತ್ಯುತ್ತಮ ವಿದ್ಯಾರ್ಥಿ ಬೇಸಿಗೆ ಬ್ರಿಜ್‌ಗೆ ಹೇಳಿ ಮಾಡಿಸಿದಂಥ ಅಭ್ಯರ್ಥಿ: ಒಂದೇ ಮೆಟ್ಟಿಲು ದೂರ, ಅದೂ ತನ್ನ ತಪ್ಪಿನಿಂದಲ್ಲ.

ಬೇಸಿಗೆ ಮುಗಿದ ಮೇಲೆ

ಆಗಸ್ಟ್‌ವರೆಗೆ ದಿನಕ್ಕೆ ಐದು ಗಂಟೆ ಜೊತೆಗಿದ್ದ ನಾಲ್ಕು ಜನರ ಗುಂಪು ಸೆಮಿಸ್ಟರ್ ಶುರುವಾದೊಡನೆ ನಾಲ್ಕು ಬೇರೆ ವಿಭಾಗಗಳಿಗೆ ಚದುರುತ್ತದೆ. ಸಂಜೆಯ ಅಭ್ಯಾಸಕ್ಕೆ ಕೋಣೆಯಿಲ್ಲ, ಬೋಧಕರಿಲ್ಲ. ಟೆಕ್ಸಾಸ್‌ನಂಥ ಕರಗುವಿಕೆಗೆ ದಾರಿ ಹೀಗೆ ತೆರೆದುಕೊಳ್ಳುತ್ತದೆ. ಇದನ್ನು ತಡೆಯಲು ಬೇಕಾದ್ದು ಹೆಚ್ಚೇನಲ್ಲ: ವೇಳಾಪಟ್ಟಿ ತಯಾರಾಗುವಾಗಲೇ ಗುಂಪನ್ನು ಒಂದೇ ಕ್ಯಾಲ್ಕುಲಸ್ ವಿಭಾಗಕ್ಕೆ ಕಾಯ್ದಿರಿಸುವುದು, ವಾರಕ್ಕೆ ಎರಡು ಸಂಜೆ ಎರಡೆರಡು ಗಂಟೆಯ ಗುಂಪು ಅಭ್ಯಾಸ ಇಡುವುದು, ಮೊದಲ ಪರೀಕ್ಷೆಯ ಅಂಕ ಬಂದ ವಾರದಲ್ಲೇ, ವಿಷಯ ಕೈಬಿಡುವ ಗಡುವು ಮುಗಿಯುವ ಮೊದಲು, ಪ್ರತಿಯೊಬ್ಬರೊಡನೆ ಕೂತು ಉತ್ತರಪತ್ರಿಕೆ ನೋಡುವುದು. ವೇಳಾಪಟ್ಟಿ ರಿಜಿಸ್ಟ್ರಾರ್ ಕಚೇರಿಯ ಕೈಯಲ್ಲಿ, ಶಿಬಿರ ಎಂಜಿನಿಯರಿಂಗ್ ವಿಭಾಗದ ಕೈಯಲ್ಲಿ, ಕ್ಯಾಲ್ಕುಲಸ್ ಗಣಿತ ವಿಭಾಗದ ಕೈಯಲ್ಲಿ. ಮೂವರು ಏಪ್ರಿಲ್‌ನಲ್ಲೇ ಒಂದೆಡೆ ಕೂರದಿದ್ದರೆ ಇದ್ಯಾವುದೂ ಆಗದು.

ಕಾರ್ಯಕ್ರಮ ಫಲ ಕೊಟ್ಟಿತೇ ಎಂದು ನೋಡುವವರು ಶಿಬಿರದ ಕೊನೆಯ ದಿನದ ಅಂಕ ಬಿಟ್ಟು ಎರಡನೇ ಕ್ಯಾಲ್ಕುಲಸ್‌ನ ಅಂಕ ನೋಡಬೇಕು. ಮೊದಲ ಕ್ಯಾಲ್ಕುಲಸ್ ಅನ್ನು ಬೇಸಿಗೆಯ ಬಿಸಿಯಲ್ಲೇ ದಾಟಿಬಿಡಬಹುದು. ಇಂಟಿಗ್ರೇಷನ್ ತಂತ್ರಗಳೂ ಅನಂತ ಸರಣಿಗಳೂ ಎದುರಾಗುವ ಎರಡನೆಯದರಲ್ಲಿ ಬೀಜಗಣಿತ ಕೈಗೆ ಹತ್ತಿದೆಯೋ ಇಲ್ಲವೋ ಬಯಲಾಗುತ್ತದೆ. ಆ ಅಂಕಪಟ್ಟಿ ಬರುವುದು ಮರುವರ್ಷದ ಮೇ ತಿಂಗಳಲ್ಲಿ. ಮುಂದಿನ ಬೇಸಿಗೆಗೆ ಹಣ ಬೇಡುವ ಅರ್ಜಿ ಅದಕ್ಕೂ ಮೊದಲೇ ಹೋಗಿರುತ್ತದೆ.